ಹಕ್ಕಿನ ಜನ

ತಾಲ್ಲೂಕು ಕಚೇರಿಯಲ್ಲಿ ಹಕ್ಕುಪತ್ರ, ವಿಧಾನಸಭೆಯಲ್ಲಿ ಹಕ್ಕುಚ್ಯುತಿ, ಸತ್ಯಾಗ್ರಹದ ಚಪ್ಪರದಲ್ಲಿ ಹಕ್ಕೊತ್ತಾಯ, ಪೌರನೀತಿಯ ಪಾಠದಲ್ಲಿ ಮೂಲಭೂತ ಹಕ್ಕು, ಅಣ್ಣತಮ್ಮಂದಿರು ಪಾಲಿಗೆ ಕೂತಾಗ ‘ನನಗೂ ಹಕ್ಕಿದೆ’. ಎರಡಕ್ಷರದ ಈ ಪದ ಹೊರಗಿನಿಂದ ಬಂದದ್ದು ಎಂದರೆ ನಂಬುವುದು ಕಷ್ಟ. ಸೊಕ್ಕು, ಸಿಕ್ಕು, ಉಕ್ಕುಗಳ ಪಂಕ್ತಿಯಲ್ಲಿ ಕೂತರೆ ಅದನ್ನು ಯಾರೂ ಎಬ್ಬಿಸಲಾರರು. ಆದರೆ ಅದರ ನಿಜವಾದ ಬಂಧುಗಳು ರದ್ದು, ಜಿದ್ದು, ಗಡಿಯೆಂಬ ಅರ್ಥದ ಹದ್ದು. ಇವೆಲ್ಲ ಅರಬ್ಬಿಯಲ್ಲಿ ದ್ವಿತ್ವದಲ್ಲಿ ಮುಗಿಯುವ ಪದಗಳು. ಫಾರಸಿಯನ್ನು ಹಾದು ಬಂದು, ಕೊನೆಯ ಒತ್ತನ್ನು ಬಿಡದೆ, ಒಂದು ಉಕಾರವನ್ನು ಅಂಟಿಸಿಕೊಂಡು ಕನ್ನಡವಾದವು. ಹಿಂದಿ ಮಾತಿನಲ್ಲಿ ‘ಹಕ್’ ಎಂದು ಸಡಿಲಾದ ಕೊನೆ ಕನ್ನಡದಲ್ಲಿ ಗಟ್ಟಿಯಾಗಿಯೇ ಉಳಿದಿದೆ.

ಇದೇ ಪದವನ್ನು ದೇವರ ಹೆಸರಾಗಿ ಇಟ್ಟುಕೊಂಡು, ಆ ಹೆಸರಿನಿಂದಲೇ ತಮ್ಮನ್ನು ಕರೆದುಕೊಂಡ ಜನರಿದ್ದಾರೆ. ಇರಾನ್-ಇರಾಕ್ ಗಡಿಯ ಬೆಟ್ಟಸಾಲುಗಳಲ್ಲಿ, ಮುಖ್ಯವಾಗಿ ಕುರ್ದಿ ಸೀಮೆಯಲ್ಲಿ, ಅವರ ನೆಲೆ. ಹೆಸರು ಅಹ್ಲ್-ಎ-ಹಕ್. ಅಹ್ಲ್ ಎಂದರೆ ಜನ, ಬಳಗ. ಕನ್ನಡಕ್ಕೆ ಅಕ್ಷರಶಃ ತಂದರೆ ‘ಹಕ್ಕಿನ ಜನ’. ಅವರ ಧರ್ಮಕ್ಕೆ ಕಟ್ಟಳೆ ಹಾಕಿಕೊಟ್ಟವರು ಸುಲ್ತಾನ್ ಸಹಾಕ್. ಅವರನ್ನು ಬಿಟ್ಟು ಈ ಪದದ ಬಾಳನ್ನು ಬರೆದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ನಮ್ಮ ಕಚೇರಿಗಳು ಮರೆತ ಅರ್ಥವನ್ನು ಕಾಪಾಡಿಕೊಂಡದ್ದು ಅವರ ಬಳಗ.

ಬೇರಿನಿಂದ ಹೊರಡೋಣ. ಅರಬ್ಬಿ, ಹೀಬ್ರೂ, ಅರಾಮಿಯಾಕ್ ಮೊದಲಾದ ಸೆಮಿಟಿಕ್ ಭಾಷೆಗಳಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳು ಸೇರಿ ಧಾತುವಾಗುತ್ತವೆ. ಇಲ್ಲಿಯ ಧಾತು ಹ-ಕ-ಕ. ಹೀಬ್ರೂವಿನಲ್ಲಿ ಅದರ ಮೊದಲ ಅರ್ಥ ಕೊರೆ, ಕೆತ್ತು. ಕೆತ್ತಿದ್ದು ಅಳಿಯದು, ಅಳಿಯದ್ದು ಕಟ್ಟಳೆ. ಹಾಗೆ ಅಲ್ಲಿ ‘ಹೋಕ್’ ಎಂದರೆ ಕಾನೂನು ಎಂದಾಯಿತು. ಇಸ್ರೇಲಿನ ಸಂಸತ್ತು ಇಂದು ಹೊರಡಿಸುವ ಕಾಯ್ದೆಗೂ ಅದೇ ಹೆಸರು. ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ಕಲ್ಲಿನ ಮೇಲೆ ಕೊರೆದದ್ದನ್ನೂ ‘ಶಾಸನ’ ಎನ್ನುತ್ತೇವೆ, ಶಾಸನಸಭೆ ಮಾಡುವುದನ್ನೂ ಶಾಸನ ಎನ್ನುತ್ತೇವೆ. ನಮ್ಮಲ್ಲಿ ಪದ ಅಪ್ಪಣೆಯಿಂದ ಕಲ್ಲಿನ ಕಡೆಗೆ ನಡೆಯಿತು, ಅವರಲ್ಲಿ ಕೆತ್ತನೆಯಿಂದ ಅಪ್ಪಣೆಯ ಕಡೆಗೆ. ಇದೇ ಮೂರು ಅಕ್ಷರಗಳಿಂದ ಅರಬ್ಬಿಯಲ್ಲಿ ‘ಹುಕ್ಕ’ ಎಂಬ ಇನ್ನೊಂದು ಪದವಿದೆ. ಅದರರ್ಥ ಸಣ್ಣ ಡಬ್ಬಿ, ಭರಣಿ. ಹೊಗೆ ಸೇದುವ ಹುಕ್ಕಾ ಆ ಭರಣಿಯಿಂದಲೇ ಬಂದದ್ದು. ಹಕ್ಕನ್ನೂ ಹುಕ್ಕಾವನ್ನೂ ಅರಬ್ಬಿ ನಿಘಂಟು ಒಂದೇ ಪುಟಕ್ಕೆ ತಂದು ಕೂರಿಸುತ್ತದೆ.

ಅರಬ್ಬಿಯಲ್ಲಿ ‘ಹಕ್ಕ್’ ಎರಡು ಹೊಳೆಗಳಾಗಿ ಹರಿಯಿತು. ಒಂದು, ಸತ್ಯ: ಕದಲದ್ದು, ಇರುವುದೇ ಆದದ್ದು. ಕುರ್‌ಆನಿನಲ್ಲಿ ಈ ಪದ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಅಲ್ಲಾಹನ ತೊಂಬತ್ತೊಂಬತ್ತು ನಾಮಗಳಲ್ಲಿ ‘ಅಲ್-ಹಕ್ಕ್’ ಒಂದು. ಎರಡನೆಯದು, ಸಲ್ಲಬೇಕಾದದ್ದು. ಇಲ್ಲಿ ಅರಬ್ಬಿ ವ್ಯಾಕರಣದ ಒಂದು ಸೊಗಸನ್ನು ಗಮನಿಸಬೇಕು. ‘ಲ’ ಎಂಬ ಉಪಸರ್ಗ ಹಚ್ಚಿ ‘ಅವನಿಗೆ ಹಕ್ಕ್ ಇದೆ’ ಎಂದರೆ ಅವನು ಪಡೆಯಬೇಕಾದದ್ದು. ‘ಅಲಾ’ ಹಚ್ಚಿ ‘ಅವನ ಮೇಲೆ ಹಕ್ಕ್ ಇದೆ’ ಎಂದರೆ ಅವನು ಕೊಡಬೇಕಾದದ್ದು. ಪದ ಒಂದೇ, ಅತ್ತ ನಿಂತರೆ ಹಕ್ಕು, ಇತ್ತ ನಿಂತರೆ ಋಣ. ಮುಸ್ಲಿಂ ಧರ್ಮಶಾಸ್ತ್ರ ‘ದೇವರ ಹಕ್ಕುಗಳು’, ‘ದಾಸರ ಹಕ್ಕುಗಳು’ ಎಂದು ವಿಂಗಡಿಸುವುದೂ ಈ ಲೆಕ್ಕದಲ್ಲೇ. ದೇವರ ಹಕ್ಕು ಎಂದರೆ ದೇವರಿಗೆ ನಾವು ಸಲ್ಲಿಸಬೇಕಾದದ್ದು. ದಾಸರ ಹಕ್ಕು ಎಂದರೆ ಮನುಷ್ಯರು ಮನುಷ್ಯರಿಗೆ ಸಲ್ಲಿಸಬೇಕಾದದ್ದು.

ಸೂಫಿಗಳು ಮೊದಲ ಹೊಳೆಗೆ ಇಳಿದರು. ‘ಅನಲ್ ಹಕ್ಕ್’, ನಾನೇ ಸತ್ಯ, ಎಂದರೆನ್ನಲಾದ ಮನ್ಸೂರ್ ಹಲ್ಲಾಜ್‌ರನ್ನು 922ರಲ್ಲಿ ಬಾಗ್ದಾದಿನಲ್ಲಿ ಕೊಂದರು. ಆ ಮಾತಿನಲ್ಲಿ ಕೇಳಿದವರ ಕಿವಿಗೆ ಅಪಚಾರವಾಗಿ ಬಿದ್ದದ್ದು ‘ಹಕ್ಕ್’ ಅಲ್ಲ, ಅದಕ್ಕೆ ಅಂಟಿದ ‘ನಾನು’. ಹಲ್ಲಾಜರ ಪರ ವಹಿಸಿದವರು ಅದನ್ನೇ ತಿರುಗಿಸಿ ಹೇಳಿದರು: ಅಲ್ಲಿ ‘ನಾನು’ ಉಳಿದಿರಲೇ ಇಲ್ಲ, ಮಾತಾಡಿದ್ದು ಹಕ್ಕ್. ಹಕ್ಕು ಮನುಷ್ಯನೊಳಗೆ ಇಳಿದುಬರಬಲ್ಲುದೇ ಎಂಬ ಆ ಪ್ರಶ್ನೆ ಗಲ್ಲಿನೊಂದಿಗೆ ಮುಗಿಯಲಿಲ್ಲ. ನಾಲ್ಕೈದು ಶತಮಾನ ಕಳೆದ ಮೇಲೆ, ಬಾಗ್ದಾದಿನ ಖಾಜಿಗಳ ಕೈ ಸುಲಭಕ್ಕೆ ಚಾಚದ ಕುರ್ದಿ ಕಣಿವೆಯೊಂದರಲ್ಲಿ, ಅದಕ್ಕೆ ‘ಹೌದು, ಬಂದಿದೆ’ ಎಂಬ ಉತ್ತರ ಹುಟ್ಟಿತು.

ಸುಲ್ತಾನ್ ಸಹಾಕ್ ಹುಟ್ಟಿದ್ದು ಬರ್ಜಿಂಜಾದಲ್ಲಿ. ಅದು ಈಗಿನ ಇರಾಕಿ ಕುರ್ದಿಸ್ತಾನದ ಸುಲೈಮಾನಿಯಾ ಸೀಮೆಯ ಊರು. ಹೆಚ್ಚಿನ ವಿದ್ವಾಂಸರು ಅವರ ಕಾಲವನ್ನು 14ನೇ ಶತಮಾನದ ಕೊನೆ, 15ನೇ ಶತಮಾನದ ಮೊದಲು ಎಂದು ಇಡುತ್ತಾರೆ. ಬಳಗದ ನೆನಪು ಅವರನ್ನು ಇನ್ನೂ ಹಿಂದಕ್ಕೆ ಒಯ್ಯುತ್ತದೆ. ತಂದೆ ಶೇಖ್ ಈಸಾ, ಸಯ್ಯದ್ ಮನೆತನದ ವೃದ್ಧ ದರ್ವೇಶಿ. ತಾಯಿ ದಾಯರಾಕ್, ಜಾಫ್ ಎಂಬ ಕುರ್ದಿ ಬುಡಕಟ್ಟಿನ ಮುಖಂಡನ ಮಗಳು ಎಂಬುದು ಪರಂಪರೆಯ ಮಾತು. ಬಳಗದವರು ಆಕೆಯನ್ನು ರಜ್‌ಬಾರ್ ಎಂದು ಕರೆದು, ಏಳು ದಿವ್ಯಪುರುಷರ ಗಣದಲ್ಲೇ ಸೇರಿಸಿದ್ದಾರೆ. ‘ಪುರುಷರ’ ಎನ್ನುವುದು ಇಲ್ಲಿ ತಪ್ಪು. ಏಳರಲ್ಲಿ ಈಕೆ ಹೆಂಗಸು. ಇದೇ ಬರ್ಜಿಂಜಿ ಮನೆತನದ ಇನ್ನೊಂದು ಕವಲು ಮುಂದೆ ಸುನ್ನಿ ಖಾದಿರಿ ಪಂಥದ ಶೇಖರನ್ನು ಕೊಟ್ಟಿತು. 1922ರಲ್ಲಿ ತನ್ನನ್ನು ಕುರ್ದಿಸ್ತಾನದ ದೊರೆಯೆಂದು ಸಾರಿ ಬ್ರಿಟಿಷರನ್ನು ಎದುರುಹಾಕಿಕೊಂಡ ಶೇಖ್ ಮಹಮೂದ್ ಆ ವಂಶದವರೇ.

ಹೆಸರಿನಲ್ಲೂ ಎರಡು ಹಳೆಯ ಪದಗಳಿವೆ. ಸಹಾಕ್ ಎಂಬುದು ಇಸ್‌ಹಾಕ್. ಕನ್ನಡ ಬೈಬಲ್ಲಿನ ಇಸಾಕ. ಸುಲ್ತಾನ್ ಎಂಬುದಕ್ಕೆ ಮೊದಲಿದ್ದ ಅರ್ಥ ಅಧಿಕಾರ, ಪ್ರಭಾವ. ಅದು ಆಳುವವನ ಬಿರುದಾದದ್ದು ಆಮೇಲೆ. ಸಹಾಕ್ ಬಾಳಿದ ಕಾಲಕ್ಕೆ ಸರಿಸುಮಾರಾಗಿ ಆ ಪದ ನಮ್ಮ ಕಡೆಗೂ ಬಂದಿತ್ತು. ವಿಜಯನಗರದ ಅರಸರು ಅದನ್ನು ‘ಸುರತ್ರಾಣ’ ಎಂದು ಸಂಸ್ಕೃತಕ್ಕೆ ತಿರುಗಿಸಿ, ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು ಕಲ್ಲಿನಲ್ಲಿ ಕೊರೆಸಿಕೊಂಡರು. ಹಂಪಿಯ ಸುಲ್ತಾನನಿಗೆ ಆನೆ, ಕುದುರೆ, ಕೋಟೆಗಳಿದ್ದವು. ಬರ್ಜಿಂಜಾದ ಸುಲ್ತಾನನಿಗೆ ಇದ್ದದ್ದು ಬೆರಳೆಣಿಕೆಯ ಸಂಗಾತಿಗಳು.

ತಂದೆಯ ನಂತರ ಅಣ್ಣಂದಿರಿಗೂ ಅವರಿಗೂ ಸರಿಹೋಗಲಿಲ್ಲ ಎನ್ನುತ್ತದೆ ಪರಂಪರೆ. ಸಹಾಕ್ ಊರು ಬಿಟ್ಟು ಹವ್ರಾಮಾನ್ ಬೆಟ್ಟಗಳಿಗೆ ಹೊರಟರು. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಮೂವರು ಸಂಗಾತಿಗಳೊಂದಿಗೆ ಮೂರು ದಿನ ಗುಹೆಯೊಂದರಲ್ಲಿ ಅವಿತು ಕೂತರು, ನಾಲ್ಕನೆಯ ದಿನ ಪಾರಾದರು. ಇಂದಿಗೂ ಚಳಿಗಾಲದಲ್ಲಿ ಅಹ್ಲ್-ಎ-ಹಕ್ ಜನ ಮೂರು ದಿನ ಉಪವಾಸವಿದ್ದು ಮರುದಿನ ಹಬ್ಬ ಮಾಡುವುದು ಆ ನೆನಪಿಗೆ. ರಮಜಾನಿನ ತಿಂಗಳ ಉಪವಾಸ ಅವರಿಗಿಲ್ಲ. ಅವರ ಉಪವಾಸದ ಲೆಕ್ಕ ಗುಹೆಯ ಮೂರು ದಿನಕ್ಕೆ ಸರಿಯಾಗಿ ನಿಂತಿದೆ.

ಕೊನೆಗೆ ಅವರು ನೆಲೆ ನಿಂತದ್ದು ಸಿರ್ವಾನ್ ನದಿಯ ದಂಡೆಯ ಶೇಖಾನ್ ಎಂಬ ಹಳ್ಳಿಯಲ್ಲಿ. ಈಗ ಅದು ಇರಾನಿನ ಕೆರ್ಮಾನ್‌ಷಾ ಪ್ರಾಂತ್ಯಕ್ಕೆ ಸೇರಿದೆ, ಗಡಿ ಕೂಗಳತೆಯಲ್ಲಿದೆ. ಅವರ ಸಮಾಧಿ ಅಲ್ಲಿಯೇ. ಆ ಜಾಗಕ್ಕೆ ಪೆರ್ದಿವರ್ ಎಂಬ ಹೆಸರು. ಅದರೊಳಗೆ ಸೇತುವೆ ಎಂಬರ್ಥದ ಕುರ್ದಿ ಪದ ಅಡಗಿದೆ. ಅಲ್ಲಿ ಸಹಾಕ್ ಬಳಗದೊಂದಿಗೆ ಮಾಡಿಕೊಂಡ ಒಡಂಬಡಿಕೆಯೇ ಧರ್ಮದ ಬುನಾದಿ. ಸಂಗಾತಿಗಳಲ್ಲಿ ಬಿನ್ಯಾಮೀನ್ ಪೀರ್, ಅಂದರೆ ಗುರು, ಆದರು. ದಾವೂದ್ ದಾರಿ ತೋರುವ ದಲೀಲ್ ಆದರು. ಪೀರ್ ಮೂಸಿಗೆ ಬರವಣಿಗೆಯ ಹೊಣೆ. ಮುಸ್ತಫಾ ಸಾವಿನ ದೂತ. ಬಳಗದಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಒಬ್ಬ ಪೀರ್‌ಗೂ ಒಬ್ಬ ದಲೀಲ್‌ಗೂ ಒಪ್ಪಿಸಿಕೊಳ್ಳಬೇಕು. ಏಳು ಖಾಂದಾನುಗಳು, ಅಂದರೆ ಗುರುಮನೆತನಗಳು, ಆ ಕಾಲದ ಏರ್ಪಾಡು, ಮುಂದೆ ನಾಲ್ಕು ಸೇರಿ ಹನ್ನೊಂದಾದವು. ಎಲ್ಲಕ್ಕಿಂತ ಅಚ್ಚರಿಯ ಮಾತೆಂದರೆ, ಈ ಒಡಂಬಡಿಕೆಯಲ್ಲಿ ಸುಲ್ತಾನ್ ಸಹಾಕ್ ಕೂಡ ಬಿನ್ಯಾಮೀನರನ್ನು ತಮ್ಮ ಪೀರ್ ಎಂದು ಒಪ್ಪಿಕೊಂಡರು ಎಂಬ ನಂಬಿಕೆ. ಬಳಗದ ಕಣ್ಣಿಗೆ ಸಹಾಕ್ ಸಾಕ್ಷಾತ್ ಹಕ್ಕ್. ಆ ಹಕ್ಕೇ ತನ್ನ ಸಂಗಾತಿಯ ಮುಂದೆ ತಲೆಬಾಗಿತು. ಕಟ್ಟಳೆ ಹಾಕಿದವನೂ ಕಟ್ಟಳೆಗೆ ಒಳಪಟ್ಟ. ‘ಲ’ ಮತ್ತು ‘ಅಲಾ’ಗಳ ಎರಡು ಮುಖ ಇಲ್ಲಿ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದವು.

ಅವರ ಸೃಷ್ಟಿಕಥೆಯ ಪ್ರಕಾರ ಆದಿಯಲ್ಲಿ ದೇವರು ಕಡಲೊಳಗಿನ ಮುತ್ತಿನಲ್ಲಿ ಅಡಗಿದ್ದ. ಅಲ್ಲಿಂದ ಹೊರಬಂದವನು ಯುಗಯುಗಕ್ಕೂ ಮನುಷ್ಯರೂಪ ತಾಳುತ್ತಾನೆ: ಸೃಷ್ಟಿಕರ್ತ ಖಾವಂದ್‌ಗಾರ್, ಆಮೇಲೆ ಪ್ರವಾದಿ ಮುಹಮ್ಮದರ ಅಳಿಯ ಅಲಿ, ಆಮೇಲೆ ಲೂರಿಸ್ತಾನದ ಶಾ ಖೋಶಿನ್, ಆಮೇಲೆ ಸುಲ್ತಾನ್ ಸಹಾಕ್. ಸೂಫಿಗಳ ಶರೀಅತ್, ತರೀಖತ್, ಮಾರಿಫತ್, ಹಕೀಕತ್ ಎಂಬ ನಾಲ್ಕು ಮೆಟ್ಟಿಲುಗಳನ್ನು ಅವರು ಕಾಲದ ಮೇಲೆ ಹರಡಿದರು. ಅಲಿಯ ಯುಗದ್ದು ಶರೀಅತ್, ಹೊರಗಿನ ಕಟ್ಟಳೆ. ಸಹಾಕರ ಯುಗದ್ದು ಹಕೀಕತ್. ‘ಹಕ್ಕ್’ನಿಂದಲೇ ಬಂದ ಹಕೀಕತ್ ಎಂದರೆ ಸತ್ಯದ ತಿರುಳು. ತಿರುಳು ಸಿಕ್ಕ ಮೇಲೆ ಸಿಪ್ಪೆಯ ನಿಯಮಗಳು ಬೇಡ ಎಂಬುದು ಅವರ ತರ್ಕ. ಐದು ಹೊತ್ತಿನ ನಮಾಜು, ಮೆಕ್ಕಾ ಯಾತ್ರೆಗಳು ಅವರಲ್ಲಿ ಕಡ್ಡಾಯವಾಗದೆ ಉಳಿದದ್ದು ಹೀಗೆ. ಮನುಷ್ಯನ ಆತ್ಮವೂ ಸಾವಿರದೊಂದು ‘ದೂನ್’ಗಳನ್ನು ತೊಟ್ಟು ಕಳಚುತ್ತದೆ. ದೂನ್ ತುರ್ಕಿ ಮೂಲದ ಪದ, ಉಡುಪು ಎಂದರ್ಥ. ಗೀತೆಯನ್ನು ಓದಿಕೊಂಡವರಿಗೆ ಜೀರ್ಣವಸ್ತ್ರದ ಮಾತು ನೆನಪಾದರೆ ತಪ್ಪಲ್ಲ, ಆದರೆ ಎರಡರ ನಡುವೆ ಸಂಬಂಧದ ದಾರ ಎಳೆಯಲು ಆಧಾರವಿಲ್ಲ.

ಪೂಜೆ ಎಂದರೆ ‘ಜಮ್’, ಅಂದರೆ ಕೂಟ. ಸೊಂಟಕ್ಕೆ ಪಟ್ಟಿ ಬಿಗಿದು ಸುತ್ತಲೂ ಕೂರುತ್ತಾರೆ. ತಂಬೂರ್ ನುಡಿಸುತ್ತಾ ಗೋರಾನಿ ಭಾಷೆಯ ಕಲಾಮ್‌ಗಳನ್ನು ಹಾಡುತ್ತಾರೆ. ತಂದ ನೈವೇದ್ಯವನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ಅಲ್ಲಿಯ ತಂಬೂರ್ ನಮ್ಮ ತಂಬೂರಿಯಂತೆ ಶ್ರುತಿಗಷ್ಟೇ ಮೀಸಲಾದ ವಾದ್ಯವಲ್ಲ, ಅದರಲ್ಲಿ ರಾಗವನ್ನೇ ನುಡಿಸುತ್ತಾರೆ; ಹೆಸರು ಮಾತ್ರ ಒಂದೇ ಮನೆಯದು. ಮಗುವನ್ನು ಬಳಗಕ್ಕೆ ಸೇರಿಸುವ ವಿಧಿಗೆ ‘ಸರ್ ಸಪುರ್ದನ್’, ತಲೆ ಒಪ್ಪಿಸುವುದು, ಎಂದು ಹೆಸರು. ಒಪ್ಪಿಸುವುದು ತಲೆಯನ್ನು, ಒಡೆಯುವುದು ಜಾಯಿಕಾಯಿಯನ್ನು. ತಲೆಯ ಬದಲಿಗೆ ಜಾಯಿಕಾಯಿ ಒಡೆದು ಚೂರುಗಳನ್ನು ಕೂಟಕ್ಕೆ ಹಂಚಿದರೆ ಒಪ್ಪಂದ ಮುಗಿಯಿತು. ನಡತೆಗೆ ನಾಲ್ಕು ಕಂಬಗಳು: ಪಾಕಿ, ರಾಸ್ತಿ, ನೀಸ್ತಿ, ರಿದಾ. ಶುಚಿ, ದಿಟ, ‘ನಾನು’ ಇಲ್ಲದಿರುವಿಕೆ, ಕೊಡುಗೈ.

ಇಲ್ಲಿ ‘ರಾಸ್ತಿ’ಯನ್ನು ಗಮನಿಸಬೇಕು. ಅದು ಇರಾನಿನ ಮಣ್ಣಿನ ಪದ, ನೆಟ್ಟಗಿರುವಿಕೆ, ಸತ್ಯ. ಮನುಷ್ಯ ಆಡಬೇಕಾದ ಸತ್ಯಕ್ಕೆ ಬಳಗ ತನ್ನ ಮನೆಯ ಪದವನ್ನು ಇಟ್ಟುಕೊಂಡಿತು, ಮನುಷ್ಯನನ್ನು ಆಳುವ ಸತ್ಯಕ್ಕೆ ಅರಬ್ಬಿಯ ‘ಹಕ್ಕ್’ ಮೀಸಲಾಯಿತು. ಅದರ ಪಕ್ಕದಲ್ಲೇ ‘ನೀಸ್ತಿ’. ಹಲ್ಲಾಜರ ಜೀವಕ್ಕೆ ಮುಳುವಾದ ‘ನಾನು’ವನ್ನು ಈ ಕಂಬ ಕಿತ್ತುಹಾಕುತ್ತದೆ. ಯಾರ್ಸಾನಿ ಕಲಾಮ್‌ಗಳಲ್ಲಿ ಹಲ್ಲಾಜರಿಗೆ ಗೌರವದ ಸ್ಥಾನವಿರುವುದು ಸಹಜ.

‘ಯಾರ್ಸಾನ್’ ಎಂದೆ. ಇದು ಅವರ ಇನ್ನೊಂದು ಹೆಸರು. ‘ಯಾರ್’ ಎಂದರೆ ಗೆಳೆಯ, ಒಲಿದವನು. ಇರಾಕಿನಲ್ಲಿರುವವರು ಕಾಕಾಯಿ, ಕುರ್ದಿಯಲ್ಲಿ ‘ಕಾಕಾ’ ಅಣ್ಣ. ಹೊರಗಿನವರು ಇಟ್ಟ ಹೆಸರು ‘ಅಲಿ ಅಲ್ಲಾಹಿ’, ಅಲಿಯನ್ನೇ ದೇವರೆಂದವರು ಎಂಬ ಕೊಂಕಿನದು. ಧರ್ಮ ಗುಟ್ಟಿನದಾದ್ದರಿಂದ ಹೊರಗಿನ ಓದುಗರಿಗೆ ಪಠ್ಯಗಳು ಸಿಗಲು ಕಾಲ ಹಿಡಿಯಿತು. ರಷ್ಯಾದ ವ್ಲಾದಿಮಿರ್ ಮಿನೋರ್ಸ್ಕಿ 1911ರಲ್ಲಿ ಕೆಲವನ್ನು ಪ್ರಕಟಿಸಿದರು. ಬಳಗದೊಳಗಿನಿಂದ ಹಾಜಿ ನಿಯಾಮತುಲ್ಲಾ ಜೈಹೂನಾಬಾದಿ ಪುರಾಣಗಳನ್ನೆಲ್ಲ ‘ಶಾಹನಾಮಾ-ಯೆ ಹಕೀಕತ್’ ಎಂಬ ಕಾವ್ಯದಲ್ಲಿ ಹೆಣೆದರು. ಅವರ ಮಗ ನೂರ್ ಅಲಿ ಇಲಾಹಿ (1895–1974) ತಂಬೂರಿನ ದೊಡ್ಡ ವಿದ್ವಾಂಸರು, ವೃತ್ತಿಯಿಂದ ನ್ಯಾಯಾಧೀಶರು. ಬರೆದ ಗ್ರಂಥ ‘ಬುರ್ಹಾನುಲ್ ಹಕ್’. ಕಚೇರಿಯಲ್ಲಿ ಜನರ ಹಕ್ಕುಗಳನ್ನು ತೀರ್ಮಾನಿಸಿ, ಮನೆಯಲ್ಲಿ ಹಕ್ಕಿಗಾಗಿ ತಂಬೂರ್ ನುಡಿಸಿದ ಮನುಷ್ಯ. ಪದದ ಎರಡೂ ಹೊಳೆಗಳು ಒಂದೇ ಬಾಳಿನಲ್ಲಿ ಹರಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈಗ ಕನ್ನಡದ ದಾರಿ. ಸಹಾಕ್ ಹವ್ರಾಮಾನಿನಲ್ಲಿ ನೆಲೆ ನಿಂತ ಕಾಲಕ್ಕೆ ಹತ್ತಿರದಲ್ಲೇ, 1400ರ ಸುಮಾರಿಗೆ, ದಿಲ್ಲಿಯಿಂದ ಸೂಫಿ ಸಂತ ಬಂದೇ ನವಾಜರು ಕಲಬುರಗಿಗೆ ಬಂದು ನೆಲೆಸಿದರು. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ 1347ರಲ್ಲೇ ಹುಟ್ಟಿತ್ತು. ಒಂದೇ ಊರಿಗೆ ‘ಹಕ್’ ಎರಡು ಬಾಗಿಲಿನಿಂದ ಒಳಹೊಕ್ಕಿತು: ಸೂಫಿಗಳ ಮಠವಾದ ಖಾನ್‌ಖಾಹಿನಲ್ಲಿ ದೇವರ ಹೆಸರಾಗಿ, ದಫ್ತರದಲ್ಲಿ ಆದಾಯದ ಬಾಬ್ತಾಗಿ. ಬಂದೇ ನವಾಜರು ವ್ಯಾಖ್ಯಾನ ಬರೆದ ‘ತಮ್ಹೀದಾತ್’ನ ಕರ್ತೃ ಐನುಲ್ ಖುಜಾತ್, 1131ರಲ್ಲಿ, ಹಲ್ಲಾಜರಂತೆಯೇ, ಮರಣದಂಡನೆಗೆ ಗುರಿಯಾದವರು; ಅವರ ಊರು ಹಮದಾನ್, ಕುರ್ದಿ ಸೀಮೆಯ ಅಂಚಿನ ಪಟ್ಟಣ. ಆದರೆ ಊರ ಮಾತಿನಲ್ಲಿ ನೆಲೆಯೂರಿದ್ದು ಎರಡನೆಯ ಬಾಗಿಲಿನ ಹಕ್ಕು. ಆದಿಲ್‌ಶಾಹಿ, ಮರಾಠಾ ಆಡಳಿತಗಳಲ್ಲಿ ದೇಸಾಯಿ, ದೇಶಪಾಂಡೆ, ನಾಡಗೌಡರಿಗೆ ವಂಶಪಾರಂಪರ್ಯವಾಗಿ ಸಲ್ಲುತ್ತಿದ್ದ ಪಾಲಿಗೆ ಹಕ್ಕು ಎಂದೇ ಹೆಸರು. ಹಕ್ಕುದಾರ ಎಂದರೆ ಆ ಪಾಲು ಎಣಿಸಿಕೊಳ್ಳುವವನು. ಸಹಾಕರ ಯುಗದ ಹೆಸರಾದ ಹಕೀಕತ್ ಕೂಡ ನಮ್ಮ ಹಳೆಯ ಕಾಗದಪತ್ರಗಳಲ್ಲಿ ‘ಹಕೀಕತ್ತು’ ಆಗಿ ಬಂತು, ನಡೆದ ಸಂಗತಿ, ವರದಿ ಎಂಬಷ್ಟೇ ಅರ್ಥದಲ್ಲಿ. ಅಲ್ಲಿ ದೈವ ಇಳಿದುಬಂದ ಯುಗ, ಇಲ್ಲಿ ಶಾನುಭೋಗರ ಒಕ್ಕಣೆ.

ಅದಕ್ಕೆ ಮುಂಚೆ ಕನ್ನಡ ಈ ಅರ್ಥವನ್ನು ಹೇಳದೆ ಇರಲಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣಗಳಿಂದ ತೊಡಗುವ ‘ಅಷ್ಟಭೋಗ ತೇಜಸ್ಸ್ವಾಮ್ಯ’ ದಾನಶಾಸನಗಳ ಸಾಮಾನ್ಯ ಒಕ್ಕಣೆ. ಆದರೆ ಅದು ದಾನ ಪಡೆದವನ ಭೋಗ, ಸ್ವಾಮ್ಯ. ಕೊಟ್ಟವನ ಔದಾರ್ಯದ ನೆರಳಲ್ಲಿದ್ದದ್ದು. ಹಕ್ಕು ಹಾಗಲ್ಲ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರನ ಕೈಗೆ ಬಂದ ಕಾಗದ ಯಾರ ಔದಾರ್ಯವೂ ಆಗಿರಲಿಲ್ಲ. ಸಂವಿಧಾನದ ಮೂಲಭೂತ ಹಕ್ಕು, 2005ರ ಮಾಹಿತಿ ಹಕ್ಕು, 2006ರ ಅರಣ್ಯ ಹಕ್ಕು ಇವುಗಳಿಗೆ ‘ಸ್ವಾಮ್ಯ’ ಎಂದು ಹಾಕಿದರೆ ರುಚಿಸದು. ದೇಸಾಯಿಯ ಪಾಲಿಗಿದ್ದ ಪದ ಉಳುವವನ ಬಾಯಿಗೆ ಬಂದದ್ದು ಅದರ ಕನ್ನಡದ ಬಾಳಿನ ದೊಡ್ಡ ತಿರುವು. ಅದರ ಜೊತೆಗೇ ಒಂದು ಮುಖ ಮಸುಕಾಯಿತು. ‘ನನಗೆ ಹಕ್ಕಿದೆ’ ಎನ್ನುತ್ತೇವೆ; ‘ನನ್ನ ಮೇಲೆ ಹಕ್ಕಿದೆ’ ಎನ್ನುವುದು ಪ್ರೀತಿಯ ಸಲಿಗೆಯ ಮಾತಿನಲ್ಲಷ್ಟೇ ಉಳಿದಿದೆ. ಋಣದ ಪಾಲನ್ನು ಹೇಳಲು ಪತ್ರ ಬರೆಯುವವರು ಇನ್ನೊಂದು ಪದವನ್ನು ಜೋಡಿಸಿ ‘ಹಕ್ಕುಬಾಧ್ಯತೆ’ ಎನ್ನಬೇಕಾಯಿತು.

ಫಾರಸಿಯಲ್ಲೂ ಪದ ನೆಲಕ್ಕಿಳಿಯಿತು. ಅದರ ಬಹುವಚನ ‘ಹುಕೂಕ್’ ಈಗ ಇರಾನಿನಲ್ಲಿ ಕಾನೂನುಶಾಸ್ತ್ರದ ಹೆಸರು, ತಿಂಗಳ ಸಂಬಳದ ಹೆಸರೂ ಹೌದು. ಹಕ್ಕಿನ ಜನರ ಸಂಕಟ ಈ ಬಹುವಚನದಲ್ಲಿದೆ. ಇರಾನಿನ 1979ರ ಸಂವಿಧಾನದ 13ನೇ ವಿಧಿ ಜರತುಷ್ಟ್ರರು, ಯೆಹೂದಿಗಳು, ಕ್ರೈಸ್ತರು ಈ ಮೂವರನ್ನು ಮಾತ್ರ ಧಾರ್ಮಿಕ ಅಲ್ಪಸಂಖ್ಯಾತರೆಂದು ಗುರುತಿಸುತ್ತದೆ. ಯಾರ್ಸಾನಿಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅವರ ಗಂಡಸರಿಗೆ ಮೀಸೆ ಧರ್ಮದ ಗುರುತು, ಅದನ್ನು ಕತ್ತರಿಸುವುದಿಲ್ಲ. 2013ರಲ್ಲಿ ಹಮದಾನ್ ಜೈಲಿನಲ್ಲಿ ಒಬ್ಬ ಯಾರ್ಸಾನಿ ಕೈದಿಯ ಮೀಸೆಯನ್ನು ಬಲವಂತವಾಗಿ ತೆಗೆಸಿದಾಗ, ಅದನ್ನು ಪ್ರತಿಭಟಿಸಿ ಬಳಗದವರು ಬೀದಿಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡರು. ಮರುವರ್ಷ ಇರಾಕಿನಲ್ಲಿ ಐಸಿಸ್ ಪಡೆಗಳು ಕಾಕಾಯಿಗಳ ಹಳ್ಳಿಗಳಿಗೆ ನುಗ್ಗಿ ಗುಡಿಗಳನ್ನು ಸ್ಫೋಟಿಸಿದವು. 2015ರಲ್ಲಿ ಇರಾಕಿ ಕುರ್ದಿಸ್ತಾನದ ಸಂಸತ್ತು ಅಲ್ಲಿಯ ಜನಸಮುದಾಯಗಳ ‘ಹುಕೂಕ್’ ಕಾಯುವ ಕಾಯ್ದೆ ಮಾಡಿ ಕಾಕಾಯಿಗಳ ಹೆಸರನ್ನೂ ಬರೆಯಿತು. ಸಹಾಕ್ ಹುಟ್ಟಿದ ಊರು ಆ ಕಾಯ್ದೆಯೊಳಗಿದೆ. ಸಮಾಧಿಯಾದ ಊರು ಹೊರಗಿದೆ.

ಹಕ್ಕಿನ ಜನರಿಗೆ ಹಕ್ಕಿಲ್ಲ ಎಂಬ ವಾಕ್ಯದಲ್ಲಿರುವ ಇರಿತ ಬೇರೆ ಎಷ್ಟೋ ಭಾಷೆಗಳಲ್ಲಿ ಕಾಣುವುದಿಲ್ಲ, ಸತ್ಯಕ್ಕೊಂದು ಪದ ಹಕ್ಕಿಗೊಂದು ಪದ ಇಟ್ಟುಕೊಂಡವರಿಗೆ ಅದು ಎರಡು ಬೇರೆ ಸಂಗತಿ. ಕನ್ನಡಕ್ಕೆ ಪದದ ಒಂದು ಮಗ್ಗುಲು ಮಾತ್ರ ಬಂದಿದ್ದರೂ ಆ ಇರಿತ ನಮಗೆ ಮುಟ್ಟುತ್ತದೆ. ಮುಟ್ಟಿದ ಮೇಲೆ ಕೇಳಿಕೊಳ್ಳಬೇಕಾದದ್ದೂ ಇದೆ. ಒಬ್ಬನ ಹಕ್ಕು ದಕ್ಕದೆ ಹೋದಲ್ಲೆಲ್ಲ ಮತ್ತೊಬ್ಬನ ಮೇಲಿನ ಹಕ್ಕು ತೀರದೆ ನಿಂತಿರುತ್ತದೆ. ಜಾಯಿಕಾಯಿ ಒಡೆದು ತಲೆ ಒಪ್ಪಿಸುವ ಜನ ತಮ್ಮ ಪಾಲನ್ನು ಆರು ಶತಮಾನಗಳಿಂದ ಸಲ್ಲಿಸುತ್ತ ಬಂದಿದ್ದಾರೆ. ಬಾಕಿ ಇರುವುದು ಅವರನ್ನು ಆಳುವವರ ಲೆಕ್ಕದಲ್ಲಿ.